ನಿವೃತ್ತಿಯ ತನಕದ ಸನ್ಮಾನ

ಹುಣಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನನಗೆ ಪಾಠಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಬಿನ್ನವತ್ತಳೆ. ಯಾರಿಗೇ ಸನ್ಮಾನವಾಗಲಿ, ಶಾಲು, ಪೇಟ, ಹಣ್ಣಿನ ಬುಟ್ಟಿಯ ಜೊತೆಗೆ ಚೌಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಬರಹ ನನ್ನ ಪಾಲಿಗೇ ಬರುತ್ತಿತ್ತು. ನಿವೃತ್ತರಾಗುವ ಅಧ್ಯಾಪಕರು, ವರ್ಗವಾಗಿ ಹೋಗುವ ಅಧಿಕಾರಿಗಳು, ಹೊಸ ಕಟ್ಟಡಕ್ಕೆ ಸಿಮೆಂಟು ಕೊಟ್ಟ ವರ್ತಕರು, ಎಲ್ಲರನ್ನೂ 'ಸೌಜನ್ಯದ ಸಾಕಾರಮೂರ್ತಿ' ಎಂದು ಬರೆದಿದ್ದೇನೆ. ಒಬ್ಬರೂ ಅಲ್ಲವೆಂದಿಲ್ಲ.

ಹೀಗಿರುವಾಗ ನಮ್ಮ ವಿಶ್ವವಿದ್ಯಾಲಯದವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಿಂದ ಒಬ್ಬೊಬ್ಬ ಮಾಜಿ ಸೈನಿಕರನ್ನು ಆರಿಸಿ ಗೌರವಿಸಬೇಕೆಂದು ತೀರ್ಮಾನಿಸಿದರು. ಸಮಾರಂಭ ನಮ್ಮ ಕಾಲೇಜಿನಲ್ಲೇ ಎಂದಾಯಿತು. ಆದರೆ ಅವರು ಆರಿಸಿದ ಕಾಲ ಸರಿಯಿರಲಿಲ್ಲ. ಗೌರಿ ಹಬ್ಬ ಹತ್ತಿರ ಬಂದಿತ್ತು, ಹೊಗೆಸೊಪ್ಪನ್ನು ಬ್ಯಾರನ್ ಮನೆಯೊಳಗೆ ಬೆಂಕಿಯಿಟ್ಟು ಬೇಯಿಸುವ ಕಾಲ. ಪಿರಿಯಾಪಟ್ಟಣದ ಸೈನಿಕರು, "ಬ್ಯಾರನ್ನಿಗೆ ಸೊಪ್ಪು ಏರ್ಸಿವ್ನಿ, ಬೆಂಕಿ ಬುಟ್ಟು ಎಂಗೆ ಬರ್ಲಿ? ಸನ್ಮಾನ ಮುಂದಿನ್ ವರ್ಸ ಮಾಡಿ," ಎಂದರು. ಎಚ್.ಡಿ. ಕೋಟೆಯವರು ಅಂತರಸಂತೆ ಕಡೆಯವರು. ರಾತ್ರಿಯೆಲ್ಲ ಜೋಳದ ಹೊಲದಲ್ಲಿ ಆನೆ ಕಾಯುತ್ತೇನೆ, ಹಗಲು ನಿದ್ದೆ ಬರುತ್ತದೆ, ವೇದಿಕೆಯ ಮೇಲೆ ತೂಕಡಿಸಿದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿಕಳಿಸಿದರು. ಕೆ.ಆರ್. ನಗರದಿಂದ ಆಯ್ಕೆಯಾದವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಉಳಿದವರು ನಮ್ಮ ತಾಲ್ಲೂಕಿನ ಒಬ್ಬರೇ, ಗಾವಡಗೆರೆ ಕಡೆಯ ಹಳ್ಳಿಯೊಂದರ ಮಾಜಿ ಹವಾಲ್ದಾರರು. ಹಿಮ ಕುಸಿದಾಗ ಒಳಗೆ ಸಿಕ್ಕಿಕೊಂಡ ಇಬ್ಬರು ಸೈನಿಕರನ್ನು ಎಳೆದು ಬದುಕಿಸಿದವರು ಎಂದಷ್ಟೇ ವಿಶ್ವವಿದ್ಯಾಲಯಕ್ಕೆ ಗೊತ್ತಿತ್ತು.

ಬಿನ್ನವತ್ತಳೆಗೆ ವಿವರ ಬೇಕಲ್ಲ, ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಅವರ ಊರಿಗೆ ಹೋದೆ. ಅರವತ್ತು ದಾಟಿದ, ಬೆನ್ನು ನೆಟ್ಟಗಿದ್ದ ಮನುಷ್ಯ. ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಒಳಗಿದ್ದ ಹೆಂಡತಿಗೆ ಕಾಫಿ ಇಡಲು ಹೇಳಿ, ಕುರ್ಚಿಯ ಮೇಲಿದ್ದ ಧೂಳನ್ನು ಟವೆಲಿನಿಂದ ಹೊಡೆದರು.

"ಆ ಹಿಮದ ಸಂಗತಿ ಹೇಳಿ," ಎಂದೆ.

"ಅದ್ರಾಗೇನದೆ ಮೇಡಂ? ಮಂಜು ಕುಸೀತು. ಇಬ್ರು ಒಳಗೆ ಸಿಕ್ಕಂಡ್ರು. ಅಗ್ದು ತಗ್ದೆ."

"ಯಾವುದರಿಂದ ಅಗೆದಿರಿ?"

"ಕೈನಾಗೇ. ಆಮ್ಯಾಕೆ ಉಗುರೆಲ್ಲ ಬಿದ್ದೋದ್ವು. ಮತ್ತೆ ಬಂದ್ವು ಬುಡಿ."

ಇಷ್ಟರಲ್ಲಿ ಒಂದು ಪುಟ ತುಂಬುವಂತಿರಲಿಲ್ಲ. ಎಲ್ಲೆಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿದೆ. ಅವರು ನೆಟ್ಟಗೆ ಕೂತು, ಹಾಜರಿ ಕೂಗುವವರಂತೆ ಹೇಳತೊಡಗಿದರು.

"ಬರ್ಕಳಿ. ಮೊದ್ಲು ಜಬಲ್‌ಪುರ. ಆಮ್ಯಾಕೆ ಲೇ, ಆ ಮಂಜು ಬೀಳೋ ಊರು. ಆಮ್ಯಾಕೆ ತೇಜ್‌ಪುರ. ತಿರ್ಗಾ ಲೇ. ಆಮ್ಯಾಕೆ ರಿಟೈರ್‌ಮೆಂಟು. ಆಮ್ಯಾಕೆ ಮೈಸೂರು ಜೈಲು."

ನಾನು ಅದೇ ವೇಗದಲ್ಲಿ 'ಜೈಲು' ಎಂದೂ ಬರೆದುಕೊಂಡುಬಿಟ್ಟೆ. ಮಾಜಿ ಸೈನಿಕರಿಗೆ ಕಾವಲಿನ ಕೆಲಸ ಸಿಗುವುದು ಸಾಮಾನ್ಯವಲ್ಲವೇ?

"ಜೈಲಿನಲ್ಲಿ ಸೆಕ್ಯೂರಿಟಿಯಾ?"

"ಇಲ್ಲ ಮೇಡಂ. ಖೈದಿ."

ಒಳಗಿನಿಂದ ಹೆಂಡತಿ ಕಾಫಿ ಲೋಟ ಹಿಡಿದು ಬಂದರು. "ಸನ್ಮಾನ ಮಾಡ್ತೀವಿ ಅಂತ ಬಂದವ್ರೆ. ಅವ್ರ ಮುಂದೆ ಅದ್ನ ಯಾಕೆ ಏಳ್ತಾ ಕುಂತ್ರಿ? ನೀವು ಕಾಪಿ ತಕಳಿ ಕಣವ್ವ."

"ಸರ್ವೀಸು ಕೇಳುದ್ರು, ಏಳ್ದೆ," ಎಂದರು ಅವರು. ಅವರ ಧ್ವನಿಯಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ.

ನಡೆದದ್ದು ಇಷ್ಟು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ದೊಡ್ಡಪ್ಪನ ಮಗನಿಗೂ ಇವರಿಗೂ ಹೊಲದ ಬದುವಿನ ಜಗಳ ಹತ್ತಿತು. ಒಂದು ಬೆಳಿಗ್ಗೆ ಬದುವಿನ ಮೇಲೆಯೇ ಮಾತಿಗೆ ಮಾತು ಬೆಳೆದು ಇವರು ಗುದ್ದಲಿ ಬೀಸಿದರು. ಅಣ್ಣ ಅಡ್ಡ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಕಡಿದುಹೋಯಿತು. ಆಸ್ಪತ್ರೆಯಲ್ಲಿ ಹೇಗೋ ಜೋಡಿಸಿದರು, ಆದರೆ ಬೆರಳು ಮಡಿಸಲು ಮತ್ತೆ ಬರಲಿಲ್ಲ. ಕೇಸು ನಡೆಯಿತು, ಶಿಕ್ಷೆಯಾಯಿತು, ಇವರು ಅದನ್ನು ಪೂರ್ತಿ ಅನುಭವಿಸಿ ಬಂದರು.

"ಅಗೋ, ಆ ನೀಲಿ ಬಾಗ್ಲು ಕಾಣ್ತದಲ್ಲ, ಅದೇ ಅವ್ನ ಮನೆ," ಎಂದು ರಸ್ತೆಯಾಚೆ ತೋರಿಸಿದರು.

"ಈಗ ಮಾತಾಡುತ್ತೀರಾ?"

"ಇಲ್ಲ. ಏನಂತ ಮಾತಾಡದು?"

ಅಲಸಂದೆಕಾಯಿಯನ್ನು ಒಂದು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಕೂತು ನನಗೆ ಒಂದೇ ಯೋಚನೆ. 'ಸೌಜನ್ಯದ ಸಾಕಾರಮೂರ್ತಿ' ಎಂದು ಈ ಸಲ ಬರೆಯಲಾಗುವುದಿಲ್ಲ.

ಮರುದಿನ ಪ್ರಾಂಶುಪಾಲರಿಗೆ ವಿಷಯ ತಿಳಿಸಿದೆ. ಅವರು ಯಾವ ಸುದ್ದಿ ಕೇಳಿದರೂ ಮೊದಲು ಬಾಗಿಲು ಮುಚ್ಚುವ ಸ್ವಭಾವದವರು. ಬಾಗಿಲು ಮುಚ್ಚಿ ಬಂದು ಕೂತರು.

"ಆಹ್ವಾನ ಪತ್ರಿಕೆ ಅಚ್ಚಾಗಿದೆ ಮೇಡಂ."

"ಅದು ಸರಿ ಸಾರ್. ಆದರೆ ಅವರು ಶಿಕ್ಷೆಯಾದವರು."

"ಯಾರಿಗೂ ಗೊತ್ತಿಲ್ಲವಲ್ಲ?"

"ಅವರೇ ಎಲ್ಲರಿಗೂ ಹೇಳುತ್ತಾರೆ ಸಾರ್. ಕೇಳಿದರೆ ಸಾಕು."

"ಹಾಗಾದರೆ ಯಾರೂ ಕೇಳದ ಹಾಗೆ ನೋಡಿಕೊಳ್ಳೋಣ," ಎಂದರು.

ಅದಾಗಲಿಲ್ಲ. ಆ ವಾರದಲ್ಲೇ ಊರಿನವರು ಯಾರೋ ಹಳೆಯ ತೀರ್ಪಿನ ಸುದ್ದಿಯನ್ನು ವಾಟ್ಸಾಪಿಗೆ ಹಾಕಿದರು. ಸಂಜೆಯ ಹೊತ್ತಿಗೆ ಅದು ಹುಣಸೂರು ದಾಟಿ ಮೈಸೂರು ಮುಟ್ಟಿತು. ಅಪರಾಧಿಗೆ ವಿಶ್ವವಿದ್ಯಾಲಯದ ಗೌರವವೇ ಎಂದು ಒಂದು ಗುಂಪು ಕಾಲೇಜಿನ ಗೇಟಿನ ಮುಂದೆ ಧರಣಿಗೆ ಬಂತು. ದೇಶ ಕಾದ ಯೋಧನಿಗೆ ಅವಮಾನವೇ ಎಂದು ಇನ್ನೊಂದು ಗುಂಪು ಅದೇ ಗೇಟಿಗೆ ಬಂತು. ಎರಡೂ ಗುಂಪಿನಲ್ಲಿ ನಮ್ಮ ವಿದ್ಯಾರ್ಥಿಗಳಿದ್ದರು. ಕೆಲವರು ಎರಡರಲ್ಲೂ ಇದ್ದರು.

ಕಷ್ಟ ಶುರುವಾದದ್ದು ಶಾಮಿಯಾನದಿಂದ. ಗಣಪತಿ ಕೂರಿಸುವವರು ಊರಿನ ಶಾಮಿಯಾನಗಳನ್ನೆಲ್ಲ ಹಿಡಿದಿಟ್ಟಿದ್ದರು. ಉಳಿದದ್ದು ಒಂದೇ. ಅದನ್ನೇ ಎರಡೂ ಗುಂಪಿನವರು ಹಂಚಿಕೊಂಡು ನಡುವೆ ಹಗ್ಗ ಕಟ್ಟಿದರು. ಬೆಳಿಗ್ಗೆ ನೆರಳು ವಿರೋಧದವರ ಕಡೆ ಇರುತ್ತಿತ್ತು. ಮಧ್ಯಾಹ್ನ ಬಿಸಿಲು ತಿರುಗಿದಾಗ ಅವರು ಒಬ್ಬೊಬ್ಬರಾಗಿ ಹಗ್ಗದಡಿ ನುಸುಳಿ ಪರವಾಗಿದ್ದವರ ಕಡೆ ಕೂರುತ್ತಿದ್ದರು. ಯಾರೂ ಬೇಡವೆನ್ನುತ್ತಿರಲಿಲ್ಲ, ಜರುಗಿ ಜಾಗ ಕೊಡುತ್ತಿದ್ದರು. ಮೈಕೂ ಒಂದೇ. ಅದರ ಯಜಮಾನ ಎರಡೂ ಕಡೆಯವರನ್ನು ಕರೆದು, "ನೋಡ್ರಪ್ಪ, ಊಟದ ತಂಕ ಧಿಕ್ಕಾರ, ಊಟ ಆದ್ಮೇಲೆ ಜೈಕಾರ. ಒಟ್ಗೆ ಕೂಗುದ್ರೆ ಆಂಪ್ಲಿಫೈರ್ ಸುಟ್ಟೋಯ್ತದೆ," ಎಂದು ಕರಾರು ಮಾಡಿಸಿದ. ನಾನು ಒಳಗೆ ಛಂದಸ್ಸು ಪಾಠ ಮಾಡುತ್ತಿದ್ದರೆ ಬೆಳಗಿನ ತರಗತಿಗೆ ಧಿಕ್ಕಾರವೂ ಮಧ್ಯಾಹ್ನದ ತರಗತಿಗೆ ಜೈಕಾರವೂ ಕೇಳುತ್ತಿತ್ತು. ಮಕ್ಕಳು ಎರಡಕ್ಕೂ ಬೆಂಚು ಕುಟ್ಟಿ ತಾಳ ಹಾಕುತ್ತಿದ್ದರು.

ವಿಶ್ವವಿದ್ಯಾಲಯ ಸಮಿತಿ ಮಾಡಿತು. ಮೈಸೂರಿನಿಂದ ಸಹಾಯಕ ಕುಲಸಚಿವರು ಬಂದರು. ತೆಳ್ಳಗಿನ, ಬಹಳ ಮರ್ಯಾದೆಯ ಮನುಷ್ಯ, ಯಾರ ಮಾತನ್ನೂ ತುಂಡರಿಸುತ್ತಿರಲಿಲ್ಲ. ಪ್ರಾಂಶುಪಾಲರ ಕೋಣೆಯಲ್ಲಿ ಸಭೆ ಸೇರಿದೆವು. ಸನ್ಮಾನ ಕೈಬಿಟ್ಟರೆ ಸೈನಿಕರಿಗೆ ಅಪಮಾನ, ಮಾಡಿದರೆ ಕಾನೂನಿಗೆ ಅಪಮಾನ. ಎರಡು ಸಲ ಕಾಫಿ ಬಂತು. ಕೊನೆಗೆ ಸಹಾಯಕ ಕುಲಸಚಿವರು ಗಂಟಲು ಸರಿಮಾಡಿಕೊಂಡರು.

"ನೋಡಿ, ಶೌರ್ಯದ ಕೆಲಸ ನಡೆದದ್ದು ಸೇವೆಯಲ್ಲಿದ್ದಾಗ. ಅಪರಾಧ ನಡೆದದ್ದು ನಿವೃತ್ತಿಯ ನಂತರ. ಆದ್ದರಿಂದ ನಾವು ಗೌರವಿಸುತ್ತಿರುವುದು ನಿವೃತ್ತಿಯ ದಿನಾಂಕದವರೆಗಿನ ವ್ಯಕ್ತಿಯನ್ನು. ಅದರ ನಂತರದ ವ್ಯಕ್ತಿಗೂ ವಿಶ್ವವಿದ್ಯಾಲಯಕ್ಕೂ ಸಂಬಂಧವಿಲ್ಲ."

ಪ್ರಾಂಶುಪಾಲರ ಮುಖ ಅರಳಿತು. ನಾನು ಕೇಳಿದೆ, "ಆ ವ್ಯಕ್ತಿ ಈಗ ಎಲ್ಲಿ ಸಿಗುತ್ತಾರೆ ಸಾರ್? ವೇದಿಕೆಗೆ ಯಾರು ಬರುತ್ತಾರೆ?"

ಅವರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಸಮವಸ್ತ್ರದ ಫೋಟೋ ಇರುತ್ತದಲ್ಲ?" ಎಂದರು.

ತೀರ್ಮಾನವಾಯಿತು. ಸೇವೆಯಲ್ಲಿದ್ದಾಗಿನ ಫೋಟೋವನ್ನು ದೊಡ್ಡದು ಮಾಡಿಸಿ ವೇದಿಕೆಯ ಕುರ್ಚಿಯ ಮೇಲಿಡುವುದು. ಹಾರ, ಶಾಲು, ಪೇಟ ಎಲ್ಲ ಅದಕ್ಕೆ. ಮನುಷ್ಯ ಬಂದರೆ ಮೂರನೆಯ ಸಾಲಿನಲ್ಲಿ ಪ್ರೇಕ್ಷಕರಾಗಿ ಕೂರಬಹುದು. ಫ್ಲೆಕ್ಸಿನಲ್ಲಿ 'ಮಾಜಿ ಯೋಧರಿಗೆ ಗೌರವ ಸಮರ್ಪಣೆ' ಎಂಬುದರ ಕೆಳಗೆ, ಕಂಸದೊಳಗೆ, 'ನಿವೃತ್ತಿಯವರೆಗೆ ಮಾತ್ರ' ಎಂದು ಹಾಕಿಸಿದರು.

ಸಮಾರಂಭಕ್ಕೆ ಎರಡು ದಿನವಿರುವಾಗ ವಿರೋಧದ ಗುಂಪಿನವರು ಆ ದಾಯಾದಿ ಅಣ್ಣನನ್ನೇ ಜೀಪಿನಲ್ಲಿ ಕರೆತಂದರು. ಮೈಕಿನ ಮುಂದೆ ನಿಲ್ಲಿಸಿ ಅವರ ಕೈ ಎತ್ತಿ ಹಿಡಿದು ತೋರಿಸಿದರು. ಅಷ್ಟರಲ್ಲಿ ಧಿಕ್ಕಾರದ ಹೊತ್ತು ಮುಗಿಯಿತು, ಎಲ್ಲರೂ ಊಟಕ್ಕೆ ಹೋದರು. ಅವರನ್ನು ಕರೆಯಲು ಯಾರಿಗೂ ನೆನಪಾಗಲಿಲ್ಲ. ನಾನು ತರಗತಿ ಮುಗಿಸಿ ಬರುವಾಗ ಆ ಹಿರಿಯರು ಖಾಲಿ ಶಾಮಿಯಾನದಲ್ಲಿ, ಹಗ್ಗದ ಪಕ್ಕ, ಒಬ್ಬರೇ ಕೂತಿದ್ದರು. ಅಧ್ಯಾಪಕರ ಕೋಣೆಗೆ ಕರೆದುಕೊಂಡು ಹೋಗಿ ನನ್ನ ಡಬ್ಬಿಯ ಚಿತ್ರಾನ್ನ ಹಾಕಿಕೊಟ್ಟೆ. ಎಡಗೈಯಲ್ಲಿ ಚಮಚ ಹಿಡಿದು ತಿಂದರು.

"ನೀವೇ ಅಂತಲ್ಲ ಅದ್ನ ಬರಿಯೋರು?" ಎಂದರು.

"ಹೌದು. ನಿಮಗೆ ಈ ಸನ್ಮಾನ ಇಷ್ಟವಿಲ್ಲವಾ?"

"ನಂಗ್ಯಾತುಕ್ಕೆ ಇಷ್ಟ ಆಯ್ತದೆ? ಆದ್ರೆ ಅವ್ನು ಮಂಜಿಂದ ಜನ ಎತ್ತಿದ್ದು ಸುಳ್ಳಲ್ಲ. ಅದುಕ್ಕೆ ಮಾಡುದ್ರೆ ಮಾಡ್ಕಳಿ." ಮಡಿಯದ ಬೆರಳುಗಳನ್ನು ಮೇಜಿನ ಮೇಲಿಟ್ಟರು. "ಇದನ್ನೂ ಒಂದ್ ಸಾಲು ಬರೀರಿ. ಇಲ್ದೇ ಓದ್ರೆ ನಂಗೆ ಏನೂ ಆಗೇ ಇಲ್ಲ ಅಂದಂಗಾಯ್ತದೆ."

ಆ ಮಧ್ಯಾಹ್ನವೇ ಬರೆದೆ. ಬಿನ್ನವತ್ತಳೆಗೆ ತನ್ನದೇ ಭಾಷೆಯಿದೆ, ಅದರಲ್ಲಿ ಎಲ್ಲವೂ ಹೊಗಳಿಕೆಯಂತೆ ಕೇಳುತ್ತದೆ. ಎಷ್ಟು ತಿದ್ದಿದರೂ ಸಾಲು ಹೀಗೇ ಬಂತು: 'ನಿವೃತ್ತಿಯ ಬಳಿಕ ಬದುವಿನ ಜಗಳದಲ್ಲಿ ಸೋದರನ ಬಲಗೈಯನ್ನು ಗುದ್ದಲಿಯಿಂದ ಶಾಶ್ವತವಾಗಿ ಊನಗೊಳಿಸಿದ ತಾವು, ಅದಕ್ಕಾಗಿ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಪೂರ್ಣವಾಗಿ ಅನುಭವಿಸಿದ್ದೀರಿ.' ಸಹಾಯಕ ಕುಲಸಚಿವರಿಗೆ ಕಳಿಸಿದೆ. ಅವರು ಫೋನು ಮಾಡಿ ಮೃದುವಾಗಿಯೇ ಹೇಳಿದರು, "ಭಾಷೆ ಚೆನ್ನಾಗಿದೆ ಮೇಡಂ. ಆದರೆ ಇದು ನಮ್ಮ ಅವಧಿಗೆ ಬರುವುದಿಲ್ಲ." ಚೌಕಟ್ಟು ಹಾಕಿಸಿದ ಪ್ರತಿಯಲ್ಲಿ ಅದು ಇರಲಿಲ್ಲ. ನಾನು ವೇದಿಕೆಯಲ್ಲಿ ಓದಲು ಇಟ್ಟುಕೊಂಡಿದ್ದ ಕೈಬರಹದಲ್ಲಿ ಇತ್ತು. ಹೊಡೆದುಹಾಕಲು ಪೆನ್ನು ತೆಗೆದೆ, ಮನಸ್ಸು ಬರಲಿಲ್ಲ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಬರಬೇಕಾದ ಗಣ್ಯರಿಗೆಲ್ಲ ಒಟ್ಟಿಗೆ ಜ್ವರ ಬಂದಿತ್ತು. ವೇದಿಕೆಯ ಮೇಲೆ ಪ್ರಾಂಶುಪಾಲರು, ಸಹಾಯಕ ಕುಲಸಚಿವರು, ನಾನು, ಮತ್ತು ನಡುವಿನ ದೊಡ್ಡ ಕುರ್ಚಿಯಲ್ಲಿ ಫೋಟೋ. ಇಪ್ಪತ್ತೈದರ ಹರೆಯದ ಸೈನಿಕ, ದಪ್ಪ ಮೀಸೆ. ಮೂರನೆಯ ಸಾಲಿನಲ್ಲಿ ಅದೇ ಮೀಸೆ ಬೆಳ್ಳಗಾಗಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹೆಂಡತಿಯ ಪಕ್ಕ ಕೂತಿತ್ತು. ಬಾಗಿಲ ಬಳಿ ಆ ಅಣ್ಣನೂ ಗೋಡೆಗೆ ಒರಗಿ ನಿಂತಿದ್ದರು.

ಮೊದಲು ಹಾರ. ಪ್ರಾಂಶುಪಾಲರು ಸೇವಂತಿಗೆ ಹಾರವನ್ನು ಫೋಟೋಗೆ ಹಾಕಿದರು. ಯಾರೋ ಅಭ್ಯಾಸಬಲದಿಂದ ಊದುಕಡ್ಡಿಯನ್ನೂ ಹಚ್ಚಿಟ್ಟರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ನಿಂತರು. ಅವರನ್ನು ನೋಡಿ ಎರಡನೆಯ ಸಾಲು ಎದ್ದಿತು. ನೋಡುತ್ತಿದ್ದಂತೆ ಇಡೀ ಸಭಾಂಗಣ ತಲೆ ತಗ್ಗಿಸಿ ಮೌನಾಚರಣೆಗೆ ನಿಂತಿತು. ಮೂರನೆಯ ಸಾಲಿನಲ್ಲಿ ಹವಾಲ್ದಾರರೂ ಎದ್ದು ಅಟೆನ್ಷನ್ನಿನಲ್ಲಿ ನಿಂತರು, ತಮಗಾಗಿಯೇ.

ಮೌನ ಮುರಿದದ್ದು ಅವರ ಹೆಂಡತಿ.

"ಅಯ್ಯೋ, ನಿಮ್ಗೇನ್ ಬಂದದೆ? ನನ್ ಗಂಡ ಇಲ್ಲೇ ಗುಂಡ್ಕಲ್ಲಂಗೆ ನಿಂತವ್ರೆ, ಪೋಟಕ್ಕೆ ಆರ ಆಕ್ತೀರಾ? ಗಂಧದ್ ಕಡ್ಡಿ ಬೇರೆ!" ಎಂದವರು ಗಂಡನ ಕಡೆ ತಿರುಗಿದರು. "ಓಗ್ರೀ, ಓಗಿ ತಗೀರಿ ಅದ್ನ. ನೋಡಕ್ಕಾಗಾಕಿಲ್ಲ ನನ್ ಕೈಲಿ."

ಹವಾಲ್ದಾರರು ವೇದಿಕೆ ಹತ್ತಿದರು. ಯಾರೂ ತಡೆಯಲಿಲ್ಲ. ಫೋಟೋದ ಹಾರ ತೆಗೆದು ಮೇಜಿನ ಮೇಲಿಟ್ಟರು. ಊದುಕಡ್ಡಿಯನ್ನು ಬೆರಳಲ್ಲಿ ಹೊಸಕಿ ಆರಿಸಿದರು. ಫೋಟೋವನ್ನೆತ್ತಿ ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಕೂರಲೋ ಬೇಡವೋ ತಿಳಿಯದೆ ಅದರ ಪಕ್ಕ ನಿಂತರು. ಸಹಾಯಕ ಕುಲಸಚಿವರು ನನ್ನ ಕಡೆ ನೋಡಿ, ಏನಾದರೂ ಮಾಡಿ ಎಂಬಂತೆ ಕೈ ಆಡಿಸಿದರು. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಓದಲು ಶುರುಮಾಡಿದೆ.

ಜಬಲ್‌ಪುರ ಆಯಿತು, ಲೇ ಆಯಿತು. ಬರಿಗೈಯಲ್ಲಿ ಹಿಮ ಅಗೆದದ್ದಾಯಿತು. ನಿವೃತ್ತಿ ಬಂತು. ಅಲ್ಲಿ ನಿಲ್ಲಿಸಬೇಕಿತ್ತು. ಆದರೆ ನಿವೃತ್ತಿಯ ತನಕದ ಮನುಷ್ಯ ಗೋಡೆಗೆ ಒರಗಿದ್ದ, ಈಗಿನ ಮನುಷ್ಯ ನನ್ನ ಪಕ್ಕ ಉಸಿರಾಡುತ್ತಿದ್ದ. ನಾನು ಮುಂದಿನ ಸಾಲನ್ನೂ ಓದಿದೆ. ಬದು, ಗುದ್ದಲಿ, ಸೋದರನ ಬಲಗೈ, ಶಿಕ್ಷೆ, ಒಂದನ್ನೂ ಬಿಡಲಿಲ್ಲ. ಹವಾಲ್ದಾರರು ತಲೆ ತಗ್ಗಿಸಲಿಲ್ಲ, ಬಾಗಿಲ ಕಡೆಯೂ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತ ನಿಂತಿದ್ದರು. 'ಪೂರ್ಣವಾಗಿ ಅನುಭವಿಸಿದ್ದೀರಿ' ಎಂದು ನನ್ನ ಧ್ವನಿ ಎಂದಿನ ಬಿನ್ನವತ್ತಳೆಯ ರಾಗದಲ್ಲಿ ಏರಿ ಇಳಿಯಿತು.

ಆ ರಾಗ ಇಳಿದರೆ ಶಾಲು ಹೊದಿಸಬೇಕು, ಇದು ನಮ್ಮ ಕಾಲೇಜಿನ ರೂಢಿ. ಪ್ರಾಂಶುಪಾಲರ ಕೈಗಳು ಅವರನ್ನು ಕೇಳದೆಯೇ ಮೇಲೆದ್ದು ಶಾಲನ್ನು ಹವಾಲ್ದಾರರ ಹೆಗಲಿಗೆ ಹೊದಿಸಿಬಿಟ್ಟವು. ಅದರ ಹಿಂದೆಯೇ ಪೇಟ. ಶಾಲು ಬಿದ್ದರೆ ಚಪ್ಪಾಳೆ ತಟ್ಟಬೇಕು. ಸಭಾಂಗಣ ಚಪ್ಪಾಳೆ ತಟ್ಟಿತು, ಪರವಾಗಿದ್ದವರೂ ವಿರೋಧದವರೂ ಸೇರಿ. ಹೊಡೆತದ ಸಾಲಿಗೆ ಚಪ್ಪಾಳೆ ಬಿತ್ತೋ ಹಿಮದ ಸಾಲಿಗೋ ಯಾರಿಗೂ ತಿಳಿಯಲಿಲ್ಲ. ನಾನು ಬಾಗಿಲ ಕಡೆ ನೋಡಿದಾಗ ಅಣ್ಣ ಅಲ್ಲಿರಲಿಲ್ಲ.

ನಾಲ್ಕು ಮಾತಾಡಿ ಎಂದು ಯಾರೋ ಹವಾಲ್ದಾರರ ಮುಂದೆ ಮೈಕು ಹಿಡಿದರು. ಅವರು ಪೇಟ ಸರಿಮಾಡಿಕೊಂಡು, "ಮೇಡಂ ಓದಿದ್ದೆಲ್ಲ ನಿಜ. ಊಟ ಇದ್ರೆ ಮಾಡ್ಕಂಡು ಓಯ್ತೀವಿ," ಎಂದರು. ಊಟವಿತ್ತು. ಪೇಟ ಧರಿಸಿಕೊಂಡೇ ಅನ್ನ ಸಾರು ಉಂಡು, ಹಣ್ಣಿನ ಬುಟ್ಟಿ ಹಿಡಿದು ಬಸ್ಸಿಗೆ ಹೋದರು.

ಅಲ್ಲಿಂದ ಜಗಳ ಇನ್ನೂ ಸಿಕ್ಕಾಯಿತು. ಕೊಡಬಾರದವರಿಗೆ ಕೊಟ್ಟಿರಿ ಎಂದು ಒಂದು ಗುಂಪು. ಅಪರಾಧವನ್ನು ಓದಿ ಕೊಟ್ಟದ್ದು ಸನ್ಮಾನವೇ ಅಲ್ಲ, ಸರಿಯಾಗಿ ಮತ್ತೊಮ್ಮೆ ಕೊಡಿ ಎಂದು ಇನ್ನೊಂದು. ನನಗೂ ವಿವರಣೆ ಕೇಳಿ ನೋಟಿಸು ಬಂತು. ಅವಧಿ ಮೀರಿ ಓದಿದ್ದೇಕೆ ಎಂಬುದು ಅದರ ತಿರುಳು. ಅವರು ಬದುಕಿದ್ದರಿಂದ ಎಂದು ಉತ್ತರ ಬರೆದೆ. ಅದಕ್ಕೆ ಮರುಪ್ರಶ್ನೆ ಬರಲಿಲ್ಲ. ಕೊನೆಗೆ ವಿಶ್ವವಿದ್ಯಾಲಯ, ಗೌರವವನ್ನು ಹಿಂಪಡೆಯಲಾಗಿದೆ ಎಂದು ಪ್ರಕಟಿಸಿತು. ಹಿಂಪಡೆಯುವುದೆಂದರೆ ಯಾರಾದರೂ ಹೋಗಿ ತರಬೇಕಲ್ಲ. ಸಹಾಯಕ ಕುಲಸಚಿವರು ಜೀಪು ತೆಗೆದುಕೊಂಡು ಬಂದರು. ದಾರಿ ಗೊತ್ತಿರುವವಳೆಂದು ನನ್ನನ್ನೂ ಹತ್ತಿಸಿಕೊಂಡರು.

ಹವಾಲ್ದಾರರು ಬೇಸರ ಮಾಡಿಕೊಳ್ಳಲಿಲ್ಲ. ಸ್ಟೋರಿನ ಸಾಮಾನು ಒಪ್ಪಿಸುವಂತೆ ಒಂದೊಂದನ್ನೇ ತಂದು ಜಗಲಿಯ ಮೇಲಿಟ್ಟರು. ಶಾಲು ಒಗೆದು ಮಡಿಸಿತ್ತು. ಪೇಟಕ್ಕೆ ಧೂಳು ಕೂರದಂತೆ ಪ್ಲಾಸ್ಟಿಕ್ ಕವರು ಹಾಕಿತ್ತು. ಬಿನ್ನವತ್ತಳೆಯ ಚೌಕಟ್ಟನ್ನು ಗೋಡೆಯಿಂದ ಇಳಿಸಿದರು. ಸಹಾಯಕ ಕುಲಸಚಿವರು ತಮ್ಮ ಆದೇಶವನ್ನು ಇನ್ನೊಮ್ಮೆ ಓದಿಕೊಂಡು, ಬಹಳ ಸಂಕೋಚದಿಂದ, "ಹಣ್ಣಿನ ಬುಟ್ಟಿ..." ಎಂದರು.

"ಬುಟ್ಟಿ ಅದೆ ಸಾರ್. ಅದ್ರಾಗೆ ಕೋಳಿ ಕಾವಿಗೆ ಕೂರ್ಸಿವ್ನಿ," ಎಂದರು ಅವರ ಹೆಂಡತಿ. "ಮರಿ ಎದ್ಮೇಲೆ ಕೊಟ್ ಕಳುಸ್ತೀನಿ, ಆಯ್ತದಾ?"

ಸಹಾಯಕ ಕುಲಸಚಿವರು ಬಗ್ಗಿ ಬುಟ್ಟಿಯೊಳಗೆ ನೋಡಿದರು. ಕೋಳಿ ಅವರನ್ನು ನೋಡಿ ಗುರ್ ಎಂದಿತು. "ಇರಲಿ ಬಿಡಿಯಮ್ಮ," ಎಂದು ಹಿಂದೆ ಸರಿದರು.

ನಾವು ಜೀಪು ಹತ್ತುವಾಗ ರಸ್ತೆಯಾಚೆಯ ನೀಲಿ ಬಾಗಿಲಲ್ಲಿ ಅಣ್ಣ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಪೇಟ ನನ್ನ ತೊಡೆಯ ಮೇಲಿತ್ತು. ಅವರು ನಮ್ಮನ್ನು ದಾಟಿ ತಮ್ಮನ ಕಡೆ ನೋಡಿ ಕೇಳಿದರು:

"ಏನಂತೆ?"

ಹೆಂಡತಿ ಬುಟ್ಟಿಯ ಬಳಿಯಿಂದ ತಲೆ ಎತ್ತಿದರು.

"ವಾಪಸ್ ತಕಂಡೋಯ್ತಾವ್ರೆ," ಎಂದರು ಹವಾಲ್ದಾರರು.

"ಬುಟ್ಟೀಲಿದ್ದ ಅಣ್ಣೂನೂವೆ?"

"ಅಣ್ಣು ತಿಂದಾಯ್ತು."

ಅಣ್ಣ ತಲೆಯಾಡಿಸಿ ಒಳಗೆ ಹೋದರು. ಜೀಪು ಹೊರಟಿತು.

ಈಚೆಗೆ ಹವಾಲ್ದಾರರ ಹೆಂಡತಿ ಹುಣಸೂರಿನ ಸಂತೆಯಲ್ಲಿ ಸಿಕ್ಕಿದ್ದರು. ಆ ದಿನದ ಮೇಲೆ ಅಣ್ಣ ತಮ್ಮಂದಿರ ನಡುವೆ ಮತ್ತೆ ಮಾತಿಲ್ಲವಂತೆ. ಆದರೆ ಬದುವಿನ ಮೇಲೆ ಎದುರಾದರೆ, ನೀನು ಮೊದಲು ದಾಟು ಎಂಬಂತೆ ಇಬ್ಬರೂ ಪಕ್ಕಕ್ಕೆ ಇಳಿದು ನಿಲ್ಲುತ್ತಾರಂತೆ. ಯಾರೂ ದಾಟುವುದಿಲ್ಲವಂತೆ. "ಕಳೆ ಕೀಳಕ್ಕೆ ಕಳುಸುದ್ರೆ ಬಿಸ್ಲು ನೆತ್ತಿಗೆ ಬಂದ್ರೂ ಇಬ್ರೂ ಗೂಟದಂಗೆ ಅಲ್ಲೇ ನಿಂತಿರ್ತಾರೆ ಕಣವ್ವ," ಎಂದು ಬೈಯುತ್ತಲೇ ನನ್ನ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹೋದರು.